ಏನೂ ಮಾಡದಿದ್ದರೂ ಕಂಪ್ಯೂಟರ್ ಒದ್ದಾಡುತ್ತಿದೆಯಾ? ಮಲೆನಾಡಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮೌಸ್ ಮುಟ್ಟಿಲ್ಲ, ಒಂದು ಫೈಲೂ ತೆರೆದಿಲ್ಲ. ಆದರೂ ಡಿಸ್ಕ್‌ನ ದೀಪ ಮಿಣುಕುತ್ತಲೇ ಇದೆ, ಫ್ಯಾನ್ ಕೂಗುತ್ತಿದೆ. 'ವೈರಸ್ ಬಂದಿದೆ' ಅನ್ನುವುದು ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು. ಬಹಳ ಸಲ ಅಲ್ಲಿ ನಡೆಯುತ್ತಿರುವುದು ಬಾಕಿ ಉಳಿದ ಕೆಲಸ ಅಷ್ಟೆ.

ವಿಂಡೋಸ್ ತನ್ನ ಒಳಗಿನ ಕೆಲಸಗಳನ್ನು ನೀವಿಲ್ಲದ ಹೊತ್ತು ನೋಡಿ ಮಾಡಿಕೊಳ್ಳುತ್ತದೆ. ಅಪ್‌ಡೇಟ್, ವೈರಸ್ ತಪಾಸಣೆ, ಫೈಲ್ ಹುಡುಕಲು ಬೇಕಾದ ಪಟ್ಟಿ, ಡಿಸ್ಕ್‌ನ ಆರೈಕೆ, ಹೀಗೆ. ಇಂಥ ನಿರ್ವಹಣೆಗೆ ಅದು ಸಾಮಾನ್ಯವಾಗಿ ಇಟ್ಟುಕೊಂಡ ಸಮಯ ಬೆಳಗಿನ ಜಾವ 2 ಗಂಟೆ. ಆಗ ಯಂತ್ರ ಆನ್ ಇರಬೇಕು, ಪ್ಲಗ್‌ನಲ್ಲಿರಬೇಕು, ಯಾರೂ ಬಳಸುತ್ತಿರಬಾರದು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿ ಮನೆಗಳಲ್ಲಿ ಇದು ಆಗುವ ಮಾತಾ? ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೇವೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಸಾಗರ ತಾಲೂಕಿನ ಲಿಂಗನಮಕ್ಕಿಯ ನೀರು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ, ಅದೇ ತಾಲೂಕಿನ ಒಳಊರುಗಳಲ್ಲಿ ಜುಲೈ ತಿಂಗಳು ಪೂರ್ತಿ ಮೇಣದಬತ್ತಿ ಕೈಗೆ ಸಿಗುವ ಹಾಗೆ ಇಟ್ಟಿರುತ್ತಾರೆ.

ಹೀಗಾಗಿ ರಾತ್ರಿ ಆಗಬೇಕಾದ ಕೆಲಸವೆಲ್ಲ ರಾಶಿ ಬಿದ್ದು, ನೀವು ಸಂಜೆ ಪಹಣಿ ತೆಗೆಯೋಣ ಎಂದು ಕೂತ ಒಂದು ಗಂಟೆಯಲ್ಲೇ ಶುರುವಾಗುತ್ತದೆ. ಬೇಸರವಾಗಿ ಪವರ್ ಬಟನ್ ಒತ್ತಿ ಹಿಡಿದರೆ ಕೆಲಸ ಅರ್ಧಕ್ಕೆ ನಿಂತು ನಾಳೆ ಮತ್ತೆ ಮೊದಲಿನಿಂದ. ಆದ್ದರಿಂದ ಇಲ್ಲಿನ ಸಲಹೆಗಳಲ್ಲಿ 'ನಿಲ್ಲಿಸಿ' ಅನ್ನುವುದಕ್ಕಿಂತ 'ಮುಗಿಯಲು ಬಿಡಿ' ಅನ್ನುವುದೇ ಜಾಸ್ತಿ. ಎಲ್ಲವೂ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ನೋಡಬೇಕಾದ ಒಂದೇ ಜಾಗ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ವಿಂಡೋಸ್ 10ರಲ್ಲಿ ಪುಟ್ಟ ಕಿಟಕಿ ಮಾತ್ರ ಬಂದರೆ ಕೆಳಗೆ 'ಮೋರ್ ಡೀಟೇಲ್ಸ್' ಒತ್ತಿ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂಬ ಕಾಲಮ್‌ಗಳು ಕಾಣುತ್ತವೆ. ಯಾವ ಕಾಲಮ್‌ನ ತಲೆ ಮೇಲೆ ಕ್ಲಿಕ್ ಮಾಡುತ್ತೀರೋ ಅದನ್ನು ಜಾಸ್ತಿ ತಿನ್ನುವವರು ಮೇಲೆ ಬರುತ್ತಾರೆ.

ಈಗ ಕೈಕಟ್ಟಿ ಐದು ನಿಮಿಷ ನೋಡಿ. ಯಾವುದನ್ನೂ ಮುಚ್ಚಬೇಡಿ. ಯಾವ ಕಾಲಮ್ ತುಂಬಿದೆ, ಅದರ ತುದಿಯಲ್ಲಿ ಯಾವ ಹೆಸರಿದೆ, ಆ ಹೆಸರು ಅಲ್ಲೇ ನಿಂತಿದೆಯೋ ಬದಲಾಗುತ್ತಿದೆಯೋ, ಇಷ್ಟನ್ನು ಕಾಗದದಲ್ಲಿ ಬರೆದುಕೊಳ್ಳಿ. ಫೋನ್‌ನಲ್ಲಿ ಒಂದು ಫೋಟೋ ತೆಗೆದರೂ ಸಾಕು. ಇಷ್ಟು ಮಾಡದೆ ಅಂಗಡಿಗೆ ಹೋದರೆ ಅಲ್ಲಿ ಸಿಗುವ ಉತ್ತರ ಒಂದೇ: ಫಾರ್ಮ್ಯಾಟ್ ಮಾಡೋಣ.

ಆನ್ ಮಾಡಿದ ಮೇಲೆ ಅರ್ಧ ಗಂಟೆ ಅಲ್ಲಾಡುವುದಿಲ್ಲ

ಖರ್ಚಿಲ್ಲದ ಮೊದಲ ಪರೀಕ್ಷೆ ರೀಸ್ಟಾರ್ಟ್. ದಿನಾ ಶಟ್‌ಡೌನ್ ಮಾಡುತ್ತೇವಲ್ಲ, ಅದು ಸಾಲದಾ ಎಂದು ಕೇಳಬಹುದು. ಸಾಲದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಅಲ್ಲಿಂದಲೇ ಏಳುತ್ತದೆ. ಹಳೆಯ ಗೊಂದಲವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ 'ಅಪ್ ಟೈಮ್' ನೋಡಿ. ನಿನ್ನೆ ಆಫ್ ಮಾಡಿದ ಯಂತ್ರ ಹದಿನೈದು ದಿನದ ಲೆಕ್ಕ ತೋರಿಸಿದರೆ ಕಾರಣ ಇದೇ.

ಎರಡನೆಯದು, ಆನ್ ಆಗುತ್ತಲೇ ತಾವಾಗಿ ಏಳುವ ಆ್ಯಪ್‌ಗಳು. ಟಾಸ್ಕ್ ಮ್ಯಾನೇಜರ್‌ನಲ್ಲೇ 'ಸ್ಟಾರ್ಟಪ್ ಆ್ಯಪ್ಸ್' ಪುಟ ಇದೆ. ಪ್ರತಿಯೊಂದರ ಮುಂದೆ 'ಸ್ಟಾರ್ಟಪ್ ಇಂಪ್ಯಾಕ್ಟ್' ಹೈ, ಮೀಡಿಯಂ, ಲೋ ಎಂದು ಬರೆದಿರುತ್ತದೆ. ಹೈ ಇರುವವುಗಳಿಂದ ಶುರು ಮಾಡಿ. ಆಟದ ಲಾಂಚರ್, ಮೀಟಿಂಗ್ ಆ್ಯಪ್, ಎರಡು ವರ್ಷ ಹಿಂದೆ ಬಳಸಿದ ಪ್ರಿಂಟರ್‌ನ ಸಹಾಯಕ, ಹಾಡಿನ ಆ್ಯಪ್, ಇವನ್ನೆಲ್ಲ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಬಹುದು. ಡಿಸೇಬಲ್ ಎಂದರೆ ಅಳಿಸುವುದಲ್ಲ. ಬೇಕಾದಾಗ ನೀವೇ ತೆರೆದರೆ ಮೊದಲಿನಂತೆ ಕೆಲಸ ಮಾಡುತ್ತವೆ.

ಇಲ್ಲಿ ನಮ್ಮವರಿಗೆ ಮಾತ್ರ ಹೇಳಬೇಕಾದ ಒಂದು ಎಚ್ಚರಿಕೆ. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳೂ ಹಿನ್ನೆಲೆಯಲ್ಲಿ ಕೂತೇ ಕೆಲಸ ಮಾಡುತ್ತವೆ. ಪಟ್ಟಿಯಲ್ಲಿ ಕಂಡಿತೆಂದು ಅದನ್ನೂ ತೆಗೆದರೆ ಮರುದಿನ 'ಕನ್ನಡ ಅಕ್ಷರವೇ ಬರ್ತಿಲ್ಲ' ಎಂಬ ಹೊಸ ರಗಳೆ. ಅವು ತಿನ್ನುವುದೂ ಬಹಳ ಕಡಿಮೆ, ಇರಲಿ ಬಿಡಿ. ಟಚ್‌ಪ್ಯಾಡ್, ಆಡಿಯೊ, ಆಂಟಿವೈರಸ್ ಹೆಸರುಗಳನ್ನೂ ಮುಟ್ಟಬೇಡಿ.

ಡಿಸ್ಕ್ 100% ಎಂದು ಕೆಂಪಾಗಿ ನಿಂತಿದೆ

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅತಿ ಹೆಚ್ಚು ಕಾಣುವ ಲಕ್ಷಣ ಇದು. ಡಿಸ್ಕ್ ಕಾಲಮ್ ಒತ್ತಿ ಮೇಲೆ ಯಾರಿದ್ದಾರೆ ನೋಡಿ.

'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಎಂದಿದ್ದರೆ ಅಪ್‌ಡೇಟ್ ಕೂರಿಸುತ್ತಿದೆ. 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂದರೆ ವಿಂಡೋಸ್‌ನದೇ ಆದ ಡಿಫೆಂಡರ್ ಫೈಲ್‌ಗಳನ್ನು ತಪಾಸಣೆ ಮಾಡುತ್ತಿದೆ. ಹೆಸರು ನೋಡಿ ಇದೇ ಮಾಲ್‌ವೇರ್ ಎಂದುಕೊಳ್ಳುವವರಿದ್ದಾರೆ, ಅದು ಕಾವಲುಗಾರ. 'ಸರ್ಚ್ ಇಂಡೆಕ್ಸರ್' ಇದ್ದರೆ ಹುಡುಕಾಟಕ್ಕೆ ಫೈಲ್‌ಗಳ ಪಟ್ಟಿ ಮಾಡುತ್ತಿದೆ. ಮದುವೆ ಫೋಟೋಗಳ ದೊಡ್ಡ ಫೋಲ್ಡರ್ ಕಾಪಿ ಮಾಡಿದ ಮೇಲೆ ಇದು ಏಳುವುದು ಸಹಜ. 'ಸಿಸ್‌ಮೇನ್' ನೀವು ಪದೇ ಪದೇ ಬಳಸುವ ಆ್ಯಪ್‌ಗಳನ್ನು ಮೊದಲೇ ಮೆಮೊರಿಗೆ ತಂದಿಡುತ್ತದೆ. ಹಳೆಯ ವಿಂಡೋಸ್‌ನಲ್ಲಿ ಇದರ ಹೆಸರು ಸೂಪರ್‌ಫೆಚ್ ಎಂದಿತ್ತು.

ಈ ನಾಲ್ಕರಲ್ಲಿ ಯಾವುದೇ ಇರಲಿ, ಮದ್ದು ಒಂದೇ. ಕರೆಂಟ್ ಗಟ್ಟಿಯಾಗಿರುವ, ಸಿಡಿಲಿನ ಭಯವಿಲ್ಲದ ಒಂದು ರಾತ್ರಿ ಆರಿಸಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಚಾರ್ಜರ್ ಹಾಕಿ, ಇಂಟರ್ನೆಟ್ ಜೋಡಿಸಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಪ್ಲಗ್ ಹಾಕಿದಾಗ ನಿದ್ದೆಗೆ ಹೋಗುವುದನ್ನು 'ನೆವರ್' ಮಾಡಿ. ಮುಚ್ಚಳ ತೆರೆದೇ ಇಟ್ಟು, ಹಾಸಿಗೆಯ ಮೇಲಲ್ಲ, ಮೇಜಿನ ಮೇಲೆ ಬಿಟ್ಟು ಮಲಗಿ. ಬೆಳಿಗ್ಗೆ ವಿಂಡೋಸ್ ಅಪ್‌ಡೇಟ್ ಪುಟ ತೆರೆದು, ಕೇಳಿದರೆ ರೀಸ್ಟಾರ್ಟ್ ಮಾಡಿ. ತಿಂಗಳಿಗೊಂದು ಸಲ ಹೀಗೆ ಮಾಡುವ ಮನೆಗಳಲ್ಲಿ ಅರ್ಧ ದೂರು ಹುಟ್ಟುವುದೇ ಇಲ್ಲ.

ಪ್ರತಿದಿನ ಆನ್ ಮಾಡಿದಾಗಲೂ ಅಪ್‌ಡೇಟ್ ಶೇಕಡಾವಾರು ತೋರಿಸಿ, ಕೊನೆಗೆ 'ಅನ್‌ಡೂಯಿಂಗ್ ಚೇಂಜಸ್' ಎಂದು ಹಿಂದೆ ಹೋಗುತ್ತಿದೆಯಾ? ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಕೆಟ್ಟಿರಬಹುದು, ಇಲ್ಲವೇ ಸಿ ಡ್ರೈವ್‌ನಲ್ಲಿ ಜಾಗ ಸಾಲುತ್ತಿಲ್ಲ. ಮೊದಲು ಜಾಗ ಬಿಡಿಸಿ. ಇಪ್ಪತ್ತು ಜಿಬಿಯಷ್ಟು ಖಾಲಿ ಇದ್ದರೆ ನೆಮ್ಮದಿ. ಆಮೇಲೂ ಹಾಗೇ ಆದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನ್ ಟರ್ಮಿನಲ್ (ವಿಂಡೋಸ್ 10ರಲ್ಲಿ ಅಡ್ಮಿನ್ ಪವರ್‌ಶೆಲ್) ತೆರೆಯಿರಿ. ಇಂಗ್ಲಿಷಿನಲ್ಲಿ ಎಸ್ ಎಫ್ ಸಿ, ಒಂದು ಜಾಗ, ಸ್ಲ್ಯಾಶ್, ಅದಕ್ಕೆ ಅಂಟಿಸಿ ಸ್ಕ್ಯಾನ್‌ನೌ ಎಂದು ಬರೆದು ಎಂಟರ್ ಒತ್ತಿ. ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ಹುಡುಕಿ ಸರಿಪಡಿಸುವ ಕೆಲಸ ಇದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇದ್ದರೆ, ಅಥವಾ ಡೆಸ್ಕ್‌ಟಾಪ್ ಇದ್ದರೆ, ಒಂದು ಸಣ್ಣ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಈಗ ಕೆಟ್ಟ ಸುದ್ದಿಯ ಲಕ್ಷಣ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಒತ್ತಿ. ಬಳಕೆ 100% ಇದ್ದು, ಓದುವ ಬರೆಯುವ ವೇಗ ಮಾತ್ರ ಸೆಕೆಂಡಿಗೆ ಕೆಲವೇ ಕೆಬಿ, 'ರೆಸ್ಪಾನ್ಸ್ ಟೈಮ್' ಸಾವಿರಾರು ಮಿಲಿಸೆಕೆಂಡ್ ಇದ್ದರೆ, ಕೆಲಸ ಜಾಸ್ತಿಯಾಗಿ ತುಂಬಿದ್ದಲ್ಲ. ಡಿಸ್ಕ್‌ಗೇ ಹುಷಾರಿಲ್ಲ. ಜೊತೆಗೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಎಲ್ಲ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಸ್ಕ್ಯಾನ್ ಬೇಡ, ಡಿಫ್ರಾಗ್ ಬೇಡ. ಮೊದಲು ಫೋಟೋ, ಕಾಗದಪತ್ರಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿಯೇ ಆಗುತ್ತಿಲ್ಲವೆಂದರೆ ಆಫ್ ಮಾಡಿ, ಡೇಟಾ ತೆಗೆಯುವವರ ಹತ್ತಿರ ಹೋಗಿ.

ಡಿಸ್ಕ್ ಆರೋಗ್ಯವಾಗಿಯೇ ಇದ್ದು, ಅದರ ಜಾತಿ 'ಎಚ್‌ಡಿಡಿ' ಎಂದು ತೋರಿಸುತ್ತಿದ್ದರೆ, ನನ್ನ ಅಭಿಪ್ರಾಯದಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್. ತಿರುಗುವ ತಟ್ಟೆಯ ಡಿಸ್ಕ್‌ನಲ್ಲಿ ಈಗಿನ ವಿಂಡೋಸ್ ನಡೆಸುವುದೇ ಕಷ್ಟ. ಹಿನ್ನೆಲೆಯಲ್ಲಿ ನಡೆಯುವ ವಿಂಡೋಸ್ ಸರ್ವಿಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಎಂದು ಹೇಳುವ ವಿಡಿಯೋಗಳನ್ನೆಲ್ಲ ಪಾಲಿಸಿದರೂ ಸಿಗದ ವೇಗ ಇದೊಂದರಿಂದ ಸಿಗುತ್ತದೆ.

ಫ್ಯಾನ್ ಕೂಗುತ್ತದೆ, ಯಂತ್ರ ಬಿಸಿಯಾಗುತ್ತದೆ

ಸಿಪಿಯು ಕಾಲಮ್ ಒತ್ತಿ. ಮೇಲೆ ಬ್ರೌಸರ್ ಇದ್ದರೆ, ಕ್ರೋಮ್ ಒಳಗೇ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಅದಕ್ಕೆ ಅದರದೇ ಟಾಸ್ಕ್ ಮ್ಯಾನೇಜರ್ ಇದೆ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಂದು ಅಲ್ಲಿ ಗೊತ್ತಾಗುತ್ತದೆ. ಕ್ರೋಮ್ ಮುಚ್ಚಿದ ಮೇಲೂ ಅದರ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ, ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಮುಚ್ಚಿದ ನಂತರವೂ ಹಿನ್ನೆಲೆ ಆ್ಯಪ್ ನಡೆಸುವ ಆಯ್ಕೆ ಆನ್ ಇರುತ್ತದೆ. ಆಫ್ ಮಾಡಿ. ಎಡ್ಜ್‌ನಲ್ಲೂ ಅಂಥದೇ ಒಂದಿದೆ, ಜೊತೆಗೆ 'ಸ್ಟಾರ್ಟಪ್ ಬೂಸ್ಟ್' ಕೂಡ.

ಡೀಟೇಲ್ಸ್ ಪುಟದಲ್ಲಿ 'ಸಿಸ್ಟಮ್ ಐಡಲ್ ಪ್ರೋಸೆಸ್' 95 ತಿನ್ನುತ್ತಿದೆ ಎಂದು ಗಾಬರಿಯಾಗುವವರು ಬಹಳ. ಸಿಪಿಯು ಎಷ್ಟು ಖಾಲಿ ಕೂತಿದೆ ಎನ್ನುವ ಲೆಕ್ಕ ಅದು. 95 ಇದ್ದರೆ ಖುಷಿಪಡಿ.

'ಸಿಸ್ಟಮ್ ಇಂಟರಪ್ಟ್ಸ್' ಎಂಬುದು ಸಾಮಾನ್ಯವಾಗಿ ಒಂದೆರಡು ಶೇಕಡಾಕ್ಕಿಂತ ಕೆಳಗಿರುತ್ತದೆ. ಹತ್ತು, ಇಪ್ಪತ್ತಕ್ಕೆ ಏರಿ ನಿಂತರೆ ಯಾವುದೋ ಉಪಕರಣ ಅಥವಾ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕಾಟ ಕೊಡುತ್ತಿದೆ. ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಒಂದೊಂದಾಗಿ ಕೀಳುತ್ತಾ ಅಂಕಿ ಇಳಿಯುತ್ತದಾ ನೋಡಿ.

ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನ್ ತಣ್ಣಗಾಗಿ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಕೂಗುತ್ತಿದೆಯಾ? ಇಲ್ಲಿ ಅನುಮಾನ ಪಡಬೇಕು. ನಿಮ್ಮ ಸಿಪಿಯು ಬಳಸಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ಕೆಲವು ಕಳ್ಳ ಪ್ರೋಗ್ರಾಂಗಳು ಯಾರಾದರೂ ನೋಡುತ್ತಿದ್ದಾರೆ ಎಂದು ಕಂಡಾಗ ಅಡಗಿ ಕೂರುತ್ತವೆ. ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ ಇವು ಒಳಬರುವುದು ಸಾಮಾನ್ಯ. ವಿಂಡೋಸ್ ಸೆಕ್ಯೂರಿಟಿ ತೆರೆದು, ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್‌ನ 'ಆಫ್‌ಲೈನ್ ಸ್ಕ್ಯಾನ್' ಆರಿಸಿ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಸಿಪಿಯು ಬಳಕೆ ಕಡಿಮೆಯೇ ಇದೆ, ಆದರೂ ಬಿಸಿ, ಆದರೂ ನಿಧಾನ. ಆಗ ತಂತ್ರಾಂಶ ಬಿಟ್ಟು ಗಾಳಿಕಿಂಡಿ ನೋಡಿ. ಅಡಿಕೆ ಸುಲಿತದ ಕಾಲದಲ್ಲಿ ಜಗಲಿಯಲ್ಲಿಟ್ಟ ಕಂಪ್ಯೂಟರ್‌ಗೆ ಸಿಪ್ಪೆಯ ನಾರು, ಪುಡಿ ಹೋಗಿ ಕೂರುತ್ತದೆ. ಬೇಸಿಗೆಯ ದೂಳೂ ಸೇರಿ, ಮಳೆಗಾಲದ ತೇವದಲ್ಲಿ ಅದೆಲ್ಲ ಮೆತ್ತಗೆ ಅಂಟಿಕೊಳ್ಳುತ್ತದೆ. ಶಾಖ ಹೊರಹೋಗದಿದ್ದಾಗ ಸಿಪಿಯು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಕೆಲಸದ ನಡುವೆಯೂ ವೇಗ ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೇ ನಿಂತರೆ ಇದೇ ಗುರುತು. ಬೇರೆ ಲ್ಯಾಪ್‌ಟಾಪ್‌ನ ಚಾರ್ಜರ್ ಹಾಕಿದಾಗಲೂ ಕೆಲವು ಯಂತ್ರಗಳು ಹೀಗೆ ಮಾಡುತ್ತವೆ.

ಡೆಸ್ಕ್‌ಟಾಪ್ ಆದರೆ ಆಫ್ ಮಾಡಿ, ವೈರ್ ಕಿತ್ತು, ಬದಿಯ ಮುಚ್ಚಳ ತೆಗೆದು ಮೆತ್ತನೆಯ ಒಣ ಬ್ರಷ್‌ನಿಂದ ದೂಳು ತೆಗೆಯಬಹುದು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು, ವೈರ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ. ತೇವ ಹೋಗಲಿ ಎಂದು ಬಚ್ಚಲೊಲೆಯ ಪಕ್ಕದಲ್ಲೋ ಅಡಿಕೆ ತಟ್ಟಿಯ ಮೇಲೋ ಲ್ಯಾಪ್‌ಟಾಪ್ ಇಡಬೇಡಿ. ಹಾಗೆ ಇಡುವವರಿದ್ದಾರೆ, ಅದಕ್ಕೇ ಬರೆಯಬೇಕಾಯಿತು.

ಮೆಮೊರಿ ಯಾವಾಗಲೂ ತುಂಬಿರುತ್ತದೆ

4 ಜಿಬಿ ಯಂತ್ರದಲ್ಲಿ ಏನೂ ತೆರೆಯದಿದ್ದರೂ ಅರ್ಧಕ್ಕಿಂತ ಜಾಸ್ತಿ ತುಂಬಿರುವುದು ರೋಗವಲ್ಲ. ವಿಂಡೋಸ್ 11 ಕೇಳುವ ಕನಿಷ್ಠ ಮೆಮೊರಿಯೇ 4 ಜಿಬಿ. 90% ದಾಟಿ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ತಡವರಿಸಿದರೆ ಮಾತ್ರ ಟ್ಯಾಬ್‌ಗಳನ್ನು ಮುಚ್ಚಿ. ಯಂತ್ರದಲ್ಲಿ ಜಾಗವಿದ್ದರೆ ರ್‍ಯಾಮ್ ಹೆಚ್ಚಿಸಿ. 'ಮೆಮೊರಿ ಕ್ಲೀನರ್' ಆ್ಯಪ್‌ಗಳು ಬೇಡ. ಅವೂ ಹಿನ್ನೆಲೆಯಲ್ಲಿ ಕೂತು ತಿನ್ನುವ ಬಾಯಿಗಳೇ, ಅಲ್ವಾ?

ಹೆಸರೇ ಗೊತ್ತಿಲ್ಲದ ಪ್ರೋಸೆಸ್‌ಗಳು ಹತ್ತಾರಿವೆ

'ಸರ್ವಿಸ್ ಹೋಸ್ಟ್' ಎಂಬ ಹೆಸರು ಐವತ್ತು ಸಲ ಕಂಡರೆ ಗಾಬರಿ ಬೇಡ. ಕೊನೆ ಕೊಯ್ಲಿಗೆ ಒಂದು ಜೀಪಿನಲ್ಲಿ ಹತ್ತು ಜನ ಬಂದಿಳಿದ ಹಾಗೆ, ವಿಂಡೋಸ್‌ನ ಅನೇಕ ಸರ್ವಿಸ್‌ಗಳು ಈ ಒಂದೇ ಪ್ರೋಗ್ರಾಂ ಮೂಲಕ ಬರುತ್ತವೆ. 2017ರ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಹೆಚ್ಚಿನ ಸರ್ವಿಸ್‌ಗಳು ಬೇರೆ ಬೇರೆ ಸಾಲಾಗಿ ಕಾಣುತ್ತವೆ. ಪಕ್ಕದ ಬಾಣದ ಗುರುತು ಒತ್ತಿದರೆ ಒಳಗೆ ಯಾವುದಿದೆ ಎಂದು ತಿಳಿಯುತ್ತದೆ.

ಅನುಮಾನ ಬಂದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಒತ್ತಿ. ಸರ್ವಿಸ್ ಹೋಸ್ಟ್‌ನ ಅಸಲಿ ಫೈಲ್ ಇರುವುದು ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗೆ. ಅದೇ ಹೆಸರಿನದು ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರ್‌ನಲ್ಲೋ ಕಂಡರೆ ವೇಷಧಾರಿ. ಕಾಗುಣಿತವನ್ನೂ ನೋಡಿ. ಅಸಲಿಯದು ಎಸ್ ವಿ ಸಿ ಎಂದು ಶುರುವಾಗುತ್ತದೆ, ನಕಲಿಗಳು ಎಸ್ ಸಿ ವಿ ಎಂದು ಅಕ್ಷರ ಅದಲು ಬದಲು ಮಾಡುತ್ತವೆ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಇದ್ದು, ಸಹಿ ಮಾಡಿದ ಕಂಪನಿಯ ಹೆಸರು ಸರಿಯಿದ್ದರೆ ಇನ್ನೂ ಧೈರ್ಯ. ಆದರೆ ವಿಂಡೋಸ್‌ನ ಸ್ವಂತ ಫೈಲ್‌ಗಳಲ್ಲಿ ಆ ಪುಟ ಇಲ್ಲದೆಯೂ ಇರಬಹುದು, ಅದೊಂದರಿಂದಲೇ ತೀರ್ಮಾನ ಬೇಡ. ಇನ್ನೂ ಆಳಕ್ಕೆ ಇಳಿಯುವವರಿಗೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ 'ಪ್ರೋಸೆಸ್ ಎಕ್ಸ್‌ಪ್ಲೋರರ್' ಮತ್ತು 'ಆಟೋರನ್ಸ್' ಉಚಿತವಾಗಿ ಸಿಗುತ್ತವೆ. ಬೇರೆ ಕಡೆಯಿಂದ ಇಳಿಸಿಕೊಳ್ಳಬೇಡಿ.

'ಎಂಡ್ ಟಾಸ್ಕ್' ಮಾಡಬಾರದ ಹೆಸರುಗಳು: ಸಿಸ್ಟಮ್, ವಿಂಡೋಸ್ ಲಾಗಾನ್ ಅಪ್ಲಿಕೇಶನ್, ಕ್ಲೈಂಟ್ ಸರ್ವರ್ ರನ್‌ಟೈಮ್ ಪ್ರೋಸೆಸ್, ವಿಂಡೋಸ್ ಸ್ಟಾರ್ಟ್-ಅಪ್ ಅಪ್ಲಿಕೇಶನ್, ಲೋಕಲ್ ಸೆಕ್ಯೂರಿಟಿ ಅಥಾರಿಟಿ ಪ್ರೋಸೆಸ್. ಇವುಗಳಲ್ಲಿ ಕೆಲವನ್ನು ಕೊಂದರೆ ಆ ಕ್ಷಣವೇ ಯಂತ್ರ ಕುಸಿದು ನೀಲಿ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಪರದೆ ಬರುತ್ತದೆ, ಸೇವ್ ಮಾಡದ್ದೆಲ್ಲ ಹೋಗುತ್ತದೆ.

ಯಾರೆಂದು ಗೊತ್ತಾಗುತ್ತಲೇ ಇಲ್ಲ ಎಂದರೆ ಸ್ಟಾರ್ಟ್‌ನಲ್ಲಿ 'ಸಿಸ್ಟಮ್ ಕಾನ್ಫಿಗರೇಶನ್' ಹುಡುಕಿ. ಸರ್ವಿಸಸ್ ಪುಟದಲ್ಲಿ ಮೊದಲು 'ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್' ಗುರುತು ಹಾಕಿ. ಇದನ್ನು ಮರೆತರೆ ಯಂತ್ರಕ್ಕೆ ಒಳಗೆ ಹೋಗುವುದೇ ಕಷ್ಟವಾಗಬಹುದು. ಆಮೇಲೆ ಉಳಿದವನ್ನೆಲ್ಲ ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ಸರಿಹೋದರೆ ಅರ್ಧರ್ಧ ಮತ್ತೆ ಆನ್ ಮಾಡುತ್ತಾ ಬನ್ನಿ, ಕಳ್ಳ ಯಾವ ಅರ್ಧದಲ್ಲಿದ್ದಾನೆ ಎಂದು ತಿಳಿಯುತ್ತದೆ.

ಹಾಟ್‌ಸ್ಪಾಟ್ ಕೊಟ್ಟ ಕೂಡಲೇ ಡೇಟಾ ಖಾಲಿ

ಗುಡ್ಡದ ಮೇಲೆ ಹತ್ತಿ ಸಿಗ್ನಲ್ ಹಿಡಿದು, ದಿನದ ಎರಡು ಜಿಬಿಯಲ್ಲಿ ಕ್ಲಾಸ್ ಕೇಳುವ ಹುಡುಗರಿಗೆ ಇದು ದೊಡ್ಡ ಹಿಂಸೆ. ಫೋನ್‌ನ ಹಾಟ್‌ಸ್ಪಾಟ್ ಕೂಡ ವಿಂಡೋಸ್‌ಗೆ ಒಂದು ವೈ-ಫೈ ಅಷ್ಟೆ, ಮಿತಿ ಇಲ್ಲವೆಂದು ತಿಳಿದು ರಾಶಿ ಬಿದ್ದ ಅಪ್‌ಡೇಟ್ ಎಳೆಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ವೈ-ಫೈ, ಅದರಲ್ಲಿ ನಿಮ್ಮ ಹಾಟ್‌ಸ್ಪಾಟ್‌ನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಹೆಚ್ಚಿನ ಅಪ್‌ಡೇಟ್‌ಗಳು ಆಗ ತಾವಾಗಿ ಇಳಿಯುವುದಿಲ್ಲ. ಒನ್‌ಡ್ರೈವ್ ಕೂಡ ಸಾಮಾನ್ಯವಾಗಿ ನಿಲ್ಲುತ್ತದೆ. 'ಡೇಟಾ ಯೂಸೇಜ್' ಪುಟದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಲೆಕ್ಕವೂ ಇದೆ. ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ 'ಡೆಲಿವರಿ ಆಪ್ಟಿಮೈಸೇಶನ್' ನೋಡಿ. ಇಂಟರ್ನೆಟ್‌ನ ಬೇರೆ ಕಂಪ್ಯೂಟರ್‌ಗಳ ಜೊತೆ ಹಂಚಿಕೊಳ್ಳುವ ಆಯ್ಕೆ ಆನ್ ಇದ್ದರೆ ನಿಮ್ಮ ಡೇಟಾದಲ್ಲಿ ಊರಿನವರಿಗೆಲ್ಲ ಅಪ್‌ಡೇಟ್ ಹೋಗಬಹುದು. ಆಫ್ ಮಾಡಿ.

ಆದರೆ ಮೀಟರ್ಡ್ ಮಾಡಿ ಮರೆತರೆ ಅಪ್‌ಡೇಟ್ ತಿಂಗಳುಗಟ್ಟಲೆ ಬರುವುದಿಲ್ಲ. ಶಿವಮೊಗ್ಗದಲ್ಲಿ ಫೈಬರ್ ಇರುವ ನೆಂಟರ ಮನೆಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ದು, ರಾತ್ರಿ ಅಲ್ಲೇ ಬಿಟ್ಟು ಮಲಗಿದರೆ ಎರಡೂ ಕೆಲಸ ಆಗುತ್ತದೆ.

ಇಲ್ಲಿಗೆ ನಿಲ್ಲಿಸಿ

ಟಚ್‌ಪ್ಯಾಡ್ ಮೇಲೆ ಉಬ್ಬಿದೆ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಎಂದರೆ ಬ್ಯಾಟರಿ ಊದಿದೆ. ಚಾರ್ಜರ್ ಕಿತ್ತು ಆಫ್ ಮಾಡಿ. ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಸುಟ್ಟ ವಾಸನೆ ಬಂದರೂ ಹಾಗೇ. ಗುಡುಗು ಶುರುವಾದಾಗ ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಾಲದು, ರೂಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕೀಳಿ.

'ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ' ಎಂದು ಪರದೆ ತುಂಬ ಸಂದೇಶ ಬಂದು ಫೋನ್ ನಂಬರ್ ಕೊಟ್ಟರೆ ಕರೆ ಮಾಡಬೇಡಿ. ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿಕೊಂಡು ಬ್ಯಾಂಕ್ ಖಾತೆಗೆ ಕೈ ಹಾಕುವ ವಿದ್ಯೆ ಅದು. ಈಗಾಗಲೇ ಹಾಕಿಸಿಕೊಂಡಿದ್ದರೆ ಇಂಟರ್ನೆಟ್ ಕಡಿದು, ಬೇರೆ ಫೋನ್‌ನಿಂದ ಬ್ಯಾಂಕ್‌ಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಂಗಡಿಗೆ ಒಯ್ಯುವಾಗ ಬರೆದುಕೊಂಡ ಚೀಟಿ ಜೊತೆಗಿರಲಿ: ಯಾವ ಕಾಲಮ್, ಯಾವ ಹೆಸರು, ಎಷ್ಟು ಹೊತ್ತು, ಕರೆಂಟ್ ಹೋದ ಮೇಲೆ ಶುರುವಾಯಿತಾ. ಕೊಡುವ ಮೊದಲೇ ಡೇಟಾ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ವಾಪಸ್ ಕೇಳಿ ತನ್ನಿ. ಕೆಟ್ಟಿದ್ದರೂ ಅದರಲ್ಲಿ ನಿಮ್ಮ ಮನೆಯ ಕಾಗದಪತ್ರಗಳಿರುತ್ತವೆ. ಬ್ಯಾಂಕ್ ಪಾಸ್‌ವರ್ಡ್‌ಗಳು ಬ್ರೌಸರ್‌ನಲ್ಲಿ ಸೇವ್ ಆಗಿದ್ದರೆ ಅಂಗಡಿಗೆ ಹೊರಡುವ ಮೊದಲೇ ಅಳಿಸಿ.